ಪಾಲಹಳ್ಳಿ ಪೈಲಟ್‌ನ ಲಾಗ್‌ಬುಕ್

ಬೀರುವಿನಲ್ಲಿ ಚಿನ್ನದ ಸರ ಇದ್ದಲ್ಲೇ ಇತ್ತು. ರೇಷ್ಮೆ ಸೀರೆಗಳ ಮಡಿಕೆ ಕೂಡ ಕೆಟ್ಟಿರಲಿಲ್ಲ. ಹೋಗಿದ್ದು ಒಂದೇ. ಕಪ್ಪು ರಟ್ಟಿನ ದಪ್ಪ ಪುಸ್ತಕ.

"ಬಂಗಾರ ಬುಟ್ಟು ಪುಸ್ತಕ ಕದ್ದವ್ನೆ ಅಂದ್ರೆ ಎಂಥಾ ಕಳ್ಳ ಮೇಡಮ್ ಇವ್ನು?" ಎಂದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ.

ಸಬ್ ಇನ್‌ಸ್ಪೆಕ್ಟರ್ ಸುಧಾಗೂ ತಲೆಬುಡ ತಿಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಬಂದ ಒಂದೂವರೆ ವರ್ಷದಲ್ಲಿ ಅವಳು ಸರಗಳ್ಳರನ್ನು ಹಿಡಿದಿದ್ದಳು, ಬದುವಿನ ಜಗಳ ಬಿಡಿಸಿದ್ದಳು. ಪುಸ್ತಕದ ಕಳ್ಳತನ ಇದೇ ಮೊದಲು.

ಪುಸ್ತಕದ ಒಡೆಯ ದಿಲೀಪ ಮಂಚದ ತುದಿಯಲ್ಲಿ ಕೂತಿದ್ದ. ವಯಸ್ಸು ಮೂವತ್ತಾರು. ಎಂಟು ವರ್ಷ ರೆಕ್ಕೆಗೆ ಫ್ಯಾನು ಕಟ್ಟಿದ ಸಣ್ಣ ವಿಮಾನ ಹಾರಿಸಿದವನು. ಕಂಪನಿ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಈಗ ಪಾಲಹಳ್ಳಿಯಿಂದ ಹಾಲಿನ ವ್ಯಾನು ಓಡಿಸುತ್ತಿದ್ದ.

"ಅದು ನನ್ನ ಲಾಗ್‌ಬುಕ್ ಮೇಡಮ್. ನಾನು ಹಾರಿಸಿದ ಪ್ರತಿ ಗಂಟೆ ಅದರಲ್ಲಿದೆ. ಕೆಲಸ ಕಳಕೊಂಡ ಪೈಲಟ್‌ಗಳಿಗೆ ಅಂತ ಸರ್ಕಾರ ಮರುತರಬೇತಿ ನಿಧಿ ಕೊಡ್ತಿದೆ. ದೊಡ್ಡ ಜೆಟ್ ಹಾರಿಸೋಕೆ ಬೇರೆಯದೇ ಅರ್ಹತೆ ಬೇಕು. ಆ ತರಬೇತಿಯ ಖರ್ಚೆಲ್ಲ ಅವರದೇ. ಇಡೀ ಜಿಲ್ಲೆಗೆ ಒಂದೇ ಸೀಟು, ಅದು ನನಗೆ ಬಂದಿದೆ."

"ಮತ್ತೆ?"

"ಶುಕ್ರವಾರ ಸಂಜೆ ಐದರೊಳಗೆ ಬೆಂಗಳೂರಿನಲ್ಲಿ ಅಸಲು ಲಾಗ್‌ಬುಕ್ ತೋರಿಸಬೇಕು. ಜೆರಾಕ್ಸ್ ನಡೆಯಲ್ಲ. ತೋರಿಸದಿದ್ರೆ ಸೀಟು ಮುಂದಿನವನಿಗೆ."

ಅಂದು ಬುಧವಾರ. ಉಳಿದಿದ್ದು ಎರಡೇ ದಿನ. 

ತಾಯಿ ಪುಟ್ಟಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅತ್ತು ಗಂಟೇಲಿ ನಾನೇ ಬೀರು ಬೀಗ ಆಕಿ, ಕೀಲಿನ ಉಳ್ಳಿಕಾಳು ಡಬ್ಬಿಲಿ ಮಡಗ್ಬುಟ್ಟು ಓದೆ ಕಣವ್ವ. ಪಾಂಡವಪುರದಲ್ಲಿ ಬೀಗ್ರೂಟ ಇತ್ತು. ಬಂದ್ ನೋಡುದ್ರೆ ಕೀಲಿ ಡಬ್ಬಿಲೇ ಐತೆ, ಪುಸ್ತಕ ಇಲ್ಲ!"

ಹಿತ್ತಲ ಬಾಗಿಲಿಗೆ ಬರೀ ಚಿಲಕ. ಸಂದಿಯಲ್ಲಿ ಕಡ್ಡಿ ತೂರಿಸಿದರೆ ತೆರೆದುಕೊಳ್ಳುತ್ತದೆ. ಪಕ್ಕದ ಮನೆಯ ಬೀರಮ್ಮ ಹನ್ನೆರಡರ ಬಸ್ಸು ಬಂದಾಗಿನಿಂದ ಹಿತ್ತಲಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಯಾರೂ ಬರಲಿಲ್ಲ ಎಂದು ಆಣೆ ಇಟ್ಟಳು. ಹಾಗಾದರೆ ಕಳ್ಳ ಬಂದದ್ದು ಹತ್ತರಿಂದ ಹನ್ನೆರಡರ ನಡುವೆ.

"ಉಳ್ಳಿಕಾಳು ಡಬ್ಬಿ ಗೊತ್ತಿರೋನು ಅಂದ್ರೆ ಈ ಮನೇಲಿ ಉಂಡೋನೇ," ಎಂದಳು ಸುಧಾ.

ಪುಟ್ಟಗೌರಮ್ಮನ ಮುಖ ಬಿಳಿಚಿಕೊಂಡಿತು.

* * *

ಗುರುವಾರ ಬೆಳಿಗ್ಗೆ ಸುಧಾ ಪಾಂಡವಪುರಕ್ಕೆ ಹೋದಳು. ಅಲ್ಲಿ ಅರ್ಜಿ ಬರೆದುಕೊಡುವ ಅಂಗಡಿಯ ಶಂಕರ್, ಸೀಟು ಕೊಡಿಸಿದ್ದೇ ತಾನೆಂದು ಊರೆಲ್ಲ ಹೇಳಿಕೊಂಡು ದಿಲೀಪನ ಹತ್ತಿರ ಕಮಿಷನ್ ಕೇಳಿದ್ದ. ದಿಲೀಪ ಕೊಡಲಿಲ್ಲ. "ಅದೆಂಗ್ ಟ್ರೈನಿಂಗ್‌ಗೆ ಓಗ್ತೀಯೋ ನೋಡ್ತೀನಿ" ಎಂದು ಶಂಕರ್ ಎಲ್ಲರೆದುರು ಕೂಗಾಡಿದ್ದ. ಎರಡು ಸಲ ಪಾಲಹಳ್ಳಿಯ ಮನೆಯಲ್ಲಿ ಉಂಡಿದ್ದನಂತೆ ಬೇರೆ.

"ಬಾಯಿಗ್ ಬಂದಂಗ್ ಅಂದಿದ್ದು ನಿಜ ಮೇಡಮ್," ಎಂದ ಶಂಕರ್, ಬೆವರುತ್ತ. "ಆದ್ರೆ ಆ ಬೀಗ್ರೂಟ ನಮ್ ಅತ್ತೆ ಮನೇದೇ. ಬೆಳಿಗ್ಗೆ ಆರು ಗಂಟೆಯಿಂದ ಮಟನ್ ಒಲೆ ಮುಂದೇ ನಿಂತಿದ್ದೆ. ನೋಡಿ, ಕೈ ಸುಟ್ಟೋಗದೆ."

ಕೈ ಸುಟ್ಟಿತ್ತು. ಊಟ ಮಾಡಿದ ಇನ್ನೂರು ಜನ ಸಾಕ್ಷಿ. ಪುಟ್ಟಗೌರಮ್ಮನಿಗೆ ನಲ್ಲಿಮೂಳೆ ಬಡಿಸಿದವನೂ ಅವನೇ.

"ಓಗ್ಲಿ ಬುಡಿ ಮೇಡಮ್," ಎಂದ ಚಿಕ್ಕಸ್ವಾಮಿ ಜೀಪು ತಿರುಗಿಸುತ್ತ. "ಮುಂದ್ಲೋನು ಯಾರು?"

"ವೇಯ್ಟಿಂಗ್ ಲಿಸ್ಟಿನ ಮೊದಲನೆಯವನು."

* * *

ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ಸಿದ್ದೇಶನದು ಹಿಟ್ಟಿನ ಗಿರಣಿ. ವಯಸ್ಸು ನಲವತ್ತನಾಲ್ಕು. ಅದೇ ಕಂಪನಿಯಲ್ಲಿ ಕ್ಯಾಪ್ಟನ್ ಆಗಿದ್ದವನು, ದಿಲೀಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿ ತೀಡಿದವನು. ಅಂಗಿಯ ತುಂಬ ರಾಗಿ ಹಿಟ್ಟು.

"ನನ್ನ ಮೇಲೆ ಅನುಮಾನ ಬರ್ಲೇಬೇಕು ಮೇಡಮ್," ಎಂದ ಅವನೇ. "ಅವನು ಬಿಟ್ರೆ ನಾನೇ. ಮುಂದಿನ ಬ್ಯಾಚಿಗೆ ನನಗೆ ನಲವತ್ತೈದು ತುಂಬುತ್ತೆ, ಆಮೇಲೆ ತಗೊಳ್ಳಲ್ಲ. ಆದ್ರೆ ನಿನ್ನೆ ನಾನು ಹಾರಾಟದಲ್ಲಿದ್ದೆ."

"ಹಾರಾಟ?"

"ಲೈಸೆನ್ಸ್ ಜೀವಂತ ಇರ್ಬೇಕಲ್ಲ. ಮೈಸೂರಲ್ಲಿ ಪರಿಚಯದ ತರಬೇತಿ ಶಾಲೆ ಇದೆ. ತಿಂಗಳಿಗೊಂದು ಸಲ ವಿಮಾನ ಕೊಡ್ತಾರೆ." ತನ್ನ ಲಾಗ್‌ಬುಕ್ ತಂದು ಬಿಡಿಸಿಟ್ಟ. ಬುಧವಾರದ ಸಾಲು. ಏರಿದ್ದು 10:15. ಇಳಿದದ್ದು 11:40. ಕೊನೆಯಲ್ಲಿ ಶಾಲೆಯ ಮುದ್ರೆ.

ಹತ್ತೂಕಾಲಿಗೆ ಮೈಸೂರಿನ ಆಕಾಶದಲ್ಲಿದ್ದವನು ಪಾಲಹಳ್ಳಿಯ ಬೀರು ತೆರೆಯುವುದು ಹೇಗೆ? ಸುಧಾ ಆ ಪುಟದ ಫೋಟೊ ತೆಗೆದುಕೊಂಡು ಹೊರಟಳು. ಬಾಗಿಲಲ್ಲಿ ಸಿದ್ದೇಶ ಕೇಳಿದ: "ದಿಲೀಪ ಊಟ ಗೀಟ ಮಾಡ್ತಾವ್ನಾ?"

ಇಷ್ಟು ಒಳ್ಳೆಯವನ ಮೇಲೆ ಸಂಶಯಪಟ್ಟೆನಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

* * *

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ದಿಲೀಪ ಠಾಣೆಗೆ ಬಂದ. ಎರಡು ದಿನದ ಗಡ್ಡ. ಅರ್ಜಿಯ ಜೊತೆ ಇಟ್ಟಿದ್ದ ಕೊನೆಯ ಪುಟದ ಜೆರಾಕ್ಸ್ ಮೇಜಿನ ಮೇಲಿಟ್ಟ.

"ಇದೇ ನನ್ನ ಕೊನೆ ಹಾರಾಟ ಮೇಡಮ್. ಸಿದ್ದೇಶಣ್ಣನ ಜೊತೆ. ಮಾರನೇ ದಿನ ಕಂಪನಿ ಮುಚ್ಚಿತು. ಇಳಿಯೋವಾಗ ಸೂರ್ಯ ಮುಳುಗಿದ್ದ, ಇಷ್ಟೇ ಇಷ್ಟು ಬೆಳಕು. ಇಬ್ಬರೂ ಅತ್ತೆವು."

ಸುಧಾ ಪುಟ ನೋಡಿದಳು. ಮತ್ತೆ ನೋಡಿದಳು.

"ಸೂರ್ಯ ಮುಳುಗಿದ್ದ ಅಂತೀರಿ. ಇಲ್ಲಿ ಇಳಿದದ್ದು 12:40 ಅಂತಿದೆಯಲ್ಲ. ನಡುಮಧ್ಯಾಹ್ನ!"

"ಅದು ನಮ್ಮ ಗಡಿಯಾರ ಅಲ್ಲ ಮೇಡಮ್. ಯಾವ ದೇಶದಲ್ಲಿ ಹಾರಿಸಿದ್ರೂ ಪೈಲಟ್‌ಗಳು ಬರೆಯೋದು ಲಂಡನ್ ಕಡೆಯ ಒಂದೇ ಟೈಮು. ಅದಕ್ಕೆ ಐದೂವರೆ ಗಂಟೆ ಸೇರಿಸಿದ್ರೆ ನಮ್ಮದು. ಸಂಜೆ ಆರು ಹತ್ತು."

ಸುಧಾ ಟೀ ಲೋಟ ಕೆಳಗಿಟ್ಟಳು. ಮೊಬೈಲ್ ತೆಗೆದು ಸಿದ್ದೇಶನ ಪುಟ ಹುಡುಕಿದಳು. 10:15. ಐದೂವರೆ ಕೂಡಿಸಿದರೆ ಮಧ್ಯಾಹ್ನ ಮೂರೂಮುಕ್ಕಾಲು.

ತರಬೇತಿ ಶಾಲೆಗೆ ಫೋನು ಮಾಡಿದಳು. ಒಂದೇ ಪ್ರಶ್ನೆ. ಒಂದೇ ಉತ್ತರ. ಬುಧವಾರ ಬೆಳಿಗ್ಗೆ ವಿಮಾನ ಶೆಡ್ಡಿನಲ್ಲೇ ಇತ್ತು.

"ದಿಲೀಪ್, ಸಿದ್ದೇಶ್ ನಿಮ್ಮ ಮನೇಲಿ ಊಟ ಮಾಡಿದ್ದಾರಾ?"

"ಊಟ ಏನ್ ಬಂತು ಮೇಡಮ್, ತಿಂಗಳುಗಟ್ಟಲೆ ಇದ್ದಾರೆ. ಅವ್ವನೇ ಅವರಿಗೆ ಕೀಲಿ ಡಬ್ಬಿ..." ಮಾತು ಅಲ್ಲಿಗೇ ನಿಂತಿತು. "ಇಲ್ಲ. ಸಿದ್ದೇಶಣ್ಣ ಅಲ್ಲ. ಬ್ಯಾಡಿ ಮೇಡಮ್, ಬ್ಯಾರೆ ಯಾರ್ನಾದ್ರೂ ನೋಡಿ."

"ಜೀಪು ಹತ್ತಿ."

* * *

ಹತ್ತೂವರೆಗೆ ಗಿರಣಿಯ ಬೆಲ್ಟು ಓಡುತ್ತಿತ್ತು. ದಿಲೀಪನನ್ನು ಕಂಡದ್ದೇ ಸಿದ್ದೇಶ ಮೋಟರು ಆರಿಸಿದ.

"ನೀವು ಸುಳ್ಳು ಬರೆದಿರಲಿಲ್ಲ," ಎಂದಳು ಸುಧಾ. "ಪುಸ್ತಕದಲ್ಲಿ ಇದ್ದದ್ದೆಲ್ಲ ನಿಜ. ಪೊಲೀಸರಿಗೆ ನಿಮ್ಮ ಗಡಿಯಾರ ಗೊತ್ತಿಲ್ಲ ಅನ್ನೋದೊಂದೇ ನಿಮ್ಮ ಧೈರ್ಯ. ನೀವು ಏರಿದ್ದು ಮಧ್ಯಾಹ್ನ ಮೂರೂಮುಕ್ಕಾಲಿಗೆ. ಬೆಳಿಗ್ಗೆ ಎಲ್ಲರೂ ಬೀಗರೂಟಕ್ಕೆ ಹೋಗ್ತಾರೆ ಅಂತ ನಿಮಗೆ ಗೊತ್ತಿತ್ತು, ನಿಮ್ಮನ್ನೂ ಅಲ್ಲಿಗೆ ಕರೆದಿದ್ದರು. ಹಿತ್ತಲ ಚಿಲಕ ಗೊತ್ತಿತ್ತು, ಉಳ್ಳಿಕಾಳು ಡಬ್ಬಿ ಗೊತ್ತಿತ್ತು. ಕೀಲಿ ಮತ್ತೆ ಅಲ್ಲೇ ಇಟ್ಟಿರಿ, ಆ ತಾಯಿ ತನ್ನ ಮನೆಯವರನ್ನೇ ಅನುಮಾನಿಸಲಿ ಅಂತ."

ಸಿದ್ದೇಶ ಒಳಗೆ ಹೋದ. ಚಿಕ್ಕಸ್ವಾಮಿ ಬೆನ್ನಿಗೇ ಹೋದ. ಇಬ್ಬರೂ ಹೊರಗೆ ಬಂದಾಗ ಸಿದ್ದೇಶನ ಕೈಯಲ್ಲಿ ಬಟ್ಟೆ ಸುತ್ತಿದ ಪುಸ್ತಕವಿತ್ತು.

"ಸುಡೋಣ ಅಂತ ಎರಡು ಸಲ ಕಡ್ಡಿ ಗೀರ್ದೆ," ಎಂದ. "ಆಗ್ಲಿಲ್ಲ. ಪುಟ ಪುಟದಲ್ಲೂ ನನ್ನ ಸೈನೇ ಅದೆ."

"ಬಾಯ್ಬುಟ್ಟು ಕೇಳಿದ್ರೆ ಸೀಟು ನಾನೇ ಬುಟ್ಕೊಡ್ತಿದ್ದೆ ಕಣಣ್ಣ!" ಎಂದ ದಿಲೀಪ.

"ಕೊಡ್ತಿರ್ಲಿಲ್ಲ ಕಣ್ಲಾ. ನಿನ್ ಜಾಗದಲ್ಲಿ ನಾನಿದ್ರೂ ಕೊಡ್ತಿರ್ಲಿಲ್ಲ."

ದಿಲೀಪ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದು ಸುಧಾ ಕಡೆ ನೋಡಿದ. "ಮೇಡಮ್, ಕಂಪನಿ ಮುಚ್ಚಿರೋದ್ರಿಂದ ನನ್ನ ಗಂಟೆಗಳು ನಿಜ ಅಂತ ಜೊತೆಗೆ ಹಾರಿಸಿದ ಕ್ಯಾಪ್ಟನ್ ಬರ್ಕೊಡ್ಬೇಕು. ಬುಧವಾರ ಬೀಗ್ರೂಟದಲ್ಲಿ ಇವರ ಹತ್ರಾನೇ ಸೈನು ಹಾಕಿಸ್ಕೊಳ್ಳೋಣ ಅಂತಿದ್ದೆ, ಇವರು ಬರ್ಲೇ ಇಲ್ಲ."



"ಅರೆಸ್ಟ್ ಆದ್ಮೇಲೆ ನನ್ನ ಸೈನಿಗೆ ಮೂರು ಕಾಸಿನ ಬೆಲೆ ಇರಲ್ಲ ಮೇಡಮ್," ಎಂದ ಸಿದ್ದೇಶ ಮೆಲ್ಲಗೆ.

ಸುಧಾಳ ಕೈಯಲ್ಲಿ ಅರೆಸ್ಟ್ ಮೆಮೊ ಇತ್ತು. ಸಿಕ್ಕ ಪುಸ್ತಕ ಜಪ್ತಿ ಮಾಡಬೇಕೆಂಬ ಕಾನೂನೂ ಅವಳಿಗೆ ಗೊತ್ತಿತ್ತು, ಐದರೊಳಗೆ ಅದು ಬೆಂಗಳೂರು ಮುಟ್ಟಬೇಕೆಂಬುದೂ ಗೊತ್ತಿತ್ತು. ಮೆಮೊ ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತಳು. ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ, ಅವಳಿಗೆ ಇವತ್ತಿಗೂ ತಿಳಿಯದು.

ಹತ್ತು ನಿಮಿಷದ ಮೇಲೆ ದಿಲೀಪ ಪುಸ್ತಕ, ಸೈನು ಬಿದ್ದ ಹಾಳೆ ಎರಡನ್ನೂ ಎದೆಗವಚಿಕೊಂಡು ಹೊರಬಂದ. ಯಾರ ಮುಖವನ್ನೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಓಡಿದ.

ಸುಧಾ ಒಳಗೆ ಹೋಗಿ ಮೆಮೊ ಬಿಡಿಸಿದಳು. ಹೆಸರು ಬರೆದಳು. ತಂದೆಯ ಹೆಸರು, ವಯಸ್ಸು ಬರೆದಳು. ಉದ್ಯೋಗ ಎಂಬಲ್ಲಿ ಪೆನ್ನು ನಿಂತಿತು. ಸುತ್ತಲೂ ಹಿಟ್ಟಿನ ಮೂಟೆಗಳಿದ್ದವು.

"ಏನಂತ ಬರೀಲಿ?"

ಸಿದ್ದೇಶ ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡ.

"ಪೈಲಟ್ ಅಂತ್ಲೇ ಬರ್ಕೊಳ್ಳಿ ಮೇಡಮ್," ಎಂದ. "ಇವತ್ತೊಂದಿನ."