ಹದಿನೆಂಟು ಅಸಿಂಧು ಮತಗಳು

ಹತ್ತೊಂಬತ್ತು ಸದಸ್ಯರೂ ಮೇಜಿನ ಮೇಲಿನ ಹಸಿರು ಇಲ್ಲವೆ ಕೆಂಪು ಫಲಕಕ್ಕೆ ಅಂಗೈ ಒತ್ತಿ ಮತ ಹಾಕಿದರು. ನಿರ್ಭೀತಿಮಾಪಕವು ಪ್ರತಿಯೊಬ್ಬರ ನಾಡಿಬಡಿತವನ್ನೂ ಬೆವರನ್ನೂ ಮೂರು ಸೆಕೆಂಡು ಅಳೆಯಿತು. ಬೆದರಿಕೆಗೆ ಮಣಿದು ಹಾಕಿದ ಮತ ಎಣಿಕೆಗೆ ಬರಬಾರದೆಂಬುದು ಅದರ ಉದ್ದೇಶ. ಭಯಾಂಕ ನಲವತ್ತನ್ನು ಮೀರಿದರೆ ಮತ ಅಸಿಂಧು. ಒಕ್ಕೂಟಕ್ಕೆ ಹೊಸದಾಗಿ ಸೇರಿದ ಶಂಖದ್ವೀಪದ ಪ್ರಥಮ ಶಾಸನಸಭೆಗೆ ರಾಜಧಾನಿಯು ಈ ಯಂತ್ರವನ್ನು ಕಳುಹಿಸಿತ್ತು.

ಪರದೆಯ ಮೇಲೆ ಫಲಿತಾಂಶ ಮೂಡಿತು. ಪರ: ಸೊನ್ನೆ. ವಿರುದ್ಧ: ಒಂದು. ಅಸಿಂಧು: ಹದಿನೆಂಟು.

ಮಸೂದೆ ಮಂಡಿಸಿದ್ದ ದೇವಕಿ ಹರಿಕಂತ್ರರು ಗಡಿಯಾರ ನೋಡಿದರು. ದ್ವೀಪದ ಏಕೈಕ ಆಸ್ಪತ್ರೆ ದೋಣಿ ಹಳೆಯ ಸರ್ಕಾರದ ಆದೇಶದ ಮೇಲೆ ಓಡುತ್ತಿತ್ತು. ಆ ಆದೇಶ ಇಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು; ದೋಣಿಯನ್ನು ಮುಂದುವರಿಸಲೆಂದೇ ಈ ಮಸೂದೆ. ಅವರ ಸೊಸೆಗೆ ದಿನ ತುಂಬಿತ್ತು, ಮಗು ಅಡ್ಡಲಾಗಿತ್ತು. ಈಗ ನಾಲ್ಕೂವರೆ. ನಿಯಮದಂತೆ ಇನ್ನೊಂದೇ ಮತದಾನಕ್ಕೆ ಅವಕಾಶವಿತ್ತು.

ಅವರು ಯಂತ್ರದ ವಿಜ್ಞಾನಿ ಚಾರುಲತಾಳ ಬಳಿಗೆ ಧಾವಿಸಿದರು. "ನಮ್ಮನ್ನ ಯಾರೂ ಹೆದರಿಸಿಲ್ಲ, ಮಾರಾಯ್ತಿ! ಮೊದಲನೇ ಸಲ ಕಾನೂನು ಮಾಡೂದು, ಕೈ ನಡುಗೂದಿಲ್ವಾ?"

"ಭಯಕ್ಕೆ ಕಾರಣವೇನೆಂದು ಯಂತ್ರಕ್ಕೆ ತಿಳಿಯುವುದಿಲ್ಲ, ಅಮ್ಮ. ರಾಜಧಾನಿಯ ಹಿರಿಯ ಶಾಸಕರನ್ನು ಅಳೆದು ಈ ಮಿತಿ ಗೊತ್ತುಮಾಡಿದೆವು."

"ಅವರಿಗೆ ಎದೆ ಹೊಡ್ಕೊಳ್ಳೂದೇ ಇಲ್ವಾ?"

ಚಾರುಲತಾ ತಲೆ ತಗ್ಗಿಸಿದಳು. "ಸರಾಸರಿ ಭಯಾಂಕ ಆರು. ಮಿತಿ ಬದಲಿಸಲು ರಾಜಧಾನಿಯ ಒಪ್ಪಿಗೆ ಬೇಕು. ಎರಡು ದಿನವಾದರೂ ಹಿಡಿಯುತ್ತದೆ."

ಸಿಂಧುವಾದ ಒಂದೇ ಮತ ಮಂಜು ಅಂಬಿಗರದು. ಊಟದ ಮೇಲೆ ತೂಕಡಿಸುತ್ತಿದ್ದ ಅವರು ಕೈಗೆ ಹತ್ತಿರವಿದ್ದ ಕೆಂಪು ಫಲಕವನ್ನು ಒತ್ತಿದ್ದರು. ದೇವಕಿ ಅವರ ಭುಜ ಅಲುಗಿಸಿದರು.

"ಮಂಜಣ್ಣ, ಎಣಿಕೆಗೆ ಬರೂದು ನಿನ್ನ ಮತ ಒಂದೇ. ಈ ಸಲ ಹಸಿರು ಒತ್ತು."

"ನಂದೊಂದೇಯಾ? ಒತ್ತದೇ ಇದ್ರೆ?"

"ದೋಣಿ ಇಲ್ಲ. ನನ್ನ ಸೊಸೆ ಉಳಿಯೂದಿಲ್ಲ."

ಮಂಜಣ್ಣನ ಹಣೆಯಲ್ಲಿ ಬೆವರೊಡೆಯಿತು. "ಇದನ್ನೆಲ್ಲ ಎಂತಕ್ಕೆ ಹೇಳ್ದೆ, ಮಾರಾಯ್ತಿ!"

ಎರಡನೆಯ ಮತದಾನ ನಡೆಯಿತು. ಪರ: ಸೊನ್ನೆ. ವಿರುದ್ಧ: ಸೊನ್ನೆ. ಅಸಿಂಧು: ಹತ್ತೊಂಬತ್ತು.

ಸಭಾಧ್ಯಕ್ಷ ಸಾಂತು ಮಾಸ್ತರರು ಪರದೆಯ ಮೇಲಿನ ಎರಡು ಸೊನ್ನೆಗಳತ್ತ ಬೆರಳು ತೋರಿಸಿದರು.

"ಮೂವತ್ತು ವರ್ಷ ಗಣಿತ ಕಲಿಸಿದವ ನಾನು. ಸೊನ್ನೆಗೆ ಸೊನ್ನೆ ಸಮವೇ. ಸಮಬಲವಾದ್ರೆ ನಿರ್ಣಾಯಕ ಮತ ಸಭಾಧ್ಯಕ್ಷರದ್ದು, ಅಲ್ದಾ?"

ರಾಜಧಾನಿಯಲ್ಲಿ ಅಂಥ ಪ್ರಸಂಗ ಎಂದೂ ಬಂದಿರಲಿಲ್ಲ. ಆದ್ದರಿಂದ ಸಭಾಧ್ಯಕ್ಷರ ಪೀಠಕ್ಕೆ ಫಲಕ ಅಳವಡಿಸುವುದು ಚಾರುಲತಾಳಿಗೂ ಹೊಳೆದಿರಲಿಲ್ಲ. ಮಾಸ್ತರರು ಮಸೂದೆಯ ಪರವಾಗಿ ಬಲಗೈ ಎತ್ತಿದರು. ಎಡಗೈಯಿಂದ ಹಿಡಿದುಕೊಂಡರೂ ಅದು ನಡುಗುತ್ತಲೇ ಇತ್ತು.

ಸಭೆಯ ಕಾರ್ಯದರ್ಶಿ ಅದನ್ನು ಎಣಿಸಿದಳು.