ಸ್ಪೀಕರ್ ಫೋನಿನ ಇಂಜಿನಿಯರ್

ಸುಹೈಬ್ ಮೊದಲ ಸಲ ನಮ್ಮ ಮನೆಗೆ ಬಂದ ದಿನ ಕಾಫಿ ಕಪ್ಪನ್ನು ತುಟಿಗೂ ತಾಗಿಸದೆ ಮೇಜಿನ ಮೇಲೆ ಇಟ್ಟುಬಿಟ್ಟ.

ನಮ್ಮ ಅರಬ್ ಊರು ಇರ್ಬಿದ್‌ನಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಹಾಗೆ ಮಾಡುವುದಿಲ್ಲ. ಹೆಣ್ಣು ಕೇಳಲು ಬಂದವರು ಮಾತ್ರ ಕಪ್ಪು ಹಾಗೆ ಕೆಳಗಿಡುತ್ತಾರೆ. ನಮ್ಮ ಮಾತು ನಡೆಸಿಕೊಡಿ, ಆಮೇಲೆ ಕುಡಿಯುತ್ತೇವೆ ಎಂದು ಅದರ ಅರ್ಥ.

ಅಪ್ಪ ಕನ್ನಡಕ ತೆಗೆದರು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಟ್ರೇ ಹಿಡಿದುಕೊಂಡಿದ್ದ ನಾನು ಬಾಗಿಲಲ್ಲೇ ನಿಂತೆ. ಒಬ್ಬ ಹುಡುಗ ಬರುತ್ತಾನೆ, ನಿಮ್ಮ ಹತ್ತಿರ ಮಾತಾಡಬೇಕಂತೆ ಎಂದಷ್ಟೇ ಅಪ್ಪನಿಗೆ ಹೇಳಿದ್ದೆ.

"ಹೇಳಪ್ಪ, ಏನಾಗಬೇಕಿತ್ತು?" ಅಂದರು ಅಪ್ಪ, ಕ್ಲಾಸಿನ ದನಿಯಲ್ಲಿ.

"ಬಯಾನ್ ಅವ್ರು ಎಲ್ಲಾ ಹೇಳಿರ್ತಾರೆ ಅಂದ್ಕೊಂಡಿದ್ದೆ, ಮೇಷ್ಟ್ರೇ."

"ಓಹೋ, ಇವಳಿಗೂ ಗೊತ್ತಾ?" ಅಪ್ಪ ನನ್ನನ್ನೊಮ್ಮೆ ನೋಡಿದರು. "ಇಂಥದ್ದಕ್ಕೆ ಒಬ್ನೇ ಬಂದಿದೀಯಲ್ಲ? ಹಿರಿಯರು ಎಲ್ಲಿ?"

"ಹಿರಿಯರಾ? ಅವ್ರಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು!"

ಒಳಗೆ ಅಮ್ಮನ ಕೈಯಿಂದ ತಟ್ಟೆಯೊಂದು ಜಾರಿ ಬಿತ್ತು. ಸುಹೈಬ್ ಆ ಕಡೆ ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ಕಪ್ಪನ್ನು ನೋಡಿದ. ಅವನ ಕಿವಿಗಳು ನನ್ನ ಕಣ್ಣೆದುರೇ ಕೆಂಪಾದವು.

"ಅಯ್ಯೋ, ಇಲ್ಲ ಇಲ್ಲ! ಗಣಿತ! ನಾನು ಬಂದಿದ್ದು ಗಣಿತಕ್ಕೆ!"

ಅಪ್ಪ ನಕ್ಕ ನಗುವಿಗೆ ಮೇಜೇ ಅಲ್ಲಾಡಿತು. "ಇಷ್ಟು ವರ್ಷ ಪಾಠ ಮಾಡಿದೀನಿ, ಗಣಿತದ ಕೈ ಹಿಡೀತೀನಿ ಅಂತ ಬಂದವನು ನೀನೇ ಮೊದಲು ಕಣೋ. ಆಯ್ತು, ಕೊಟ್ಟೆ. ಇನ್ನಾದ್ರೂ ಕುಡಿ."

"ಹೊಟ್ಟೆ ಉರಿಯುತ್ತೆ ಮೇಷ್ಟ್ರೇ," ಎಂದ ಸಣ್ಣ ದನಿಯಲ್ಲಿ. "ಪರೀಕ್ಷೆ ಹತ್ರ ಬಂದ್ರೆ ನನಗೆ ನೀರು ಕುಡಿದ್ರೂ ಉರಿಯುತ್ತೆ."

ಅವನಿಗೆ ಯೂನಿವರ್ಸಿಟಿಯಿಂದ ಆಗಲೇ ಎರಡು ವಾರ್ನಿಂಗ್ ಬಂದಿತ್ತು. ಗಣಿತದಲ್ಲಿ ಇನ್ನೊಂದು ಸಲ ಫೇಲಾದರೆ ಹೆಸರು ತೆಗೆದುಹಾಕುತ್ತಾರೆ. ನಾನು ಅಲ್ಲೇ ಮನಶ್ಶಾಸ್ತ್ರ ಓದುತ್ತಿದ್ದೆ. ವಾರ್ನಿಂಗ್ ಬಂದವರನ್ನು ಕೂರಿಸಿಕೊಂಡು ಹೇಗಿದ್ದೀರಿ ಎಂದು ವಿಚಾರಿಸುವ ಕೆಲಸ ನಮ್ಮ ವಿಭಾಗದ ಹಿರಿಯ ವಿದ್ಯಾರ್ಥಿಗಳದು. ಬಂದವರೆಲ್ಲ "ದೇವರ ದಯೆ, ಚೆನ್ನಾಗಿದೀನಿ" ಎನ್ನುತ್ತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾದವರೂ ಅದನ್ನೇ ಹೇಳುತ್ತಿದ್ದರು. ಸುಹೈಬ್ ಮಾತ್ರ, "ಈ ಪ್ರಶ್ನೆಗೆ ಎಷ್ಟು ಮಾರ್ಕ್ಸ್?" ಎಂದು ಕೇಳಿದ್ದ. ಅವನನ್ನು ಮನೆಗೆ ಬರಹೇಳಿದ್ದು ಆಗಲೇ.

ವಾರಕ್ಕೆರಡು ಸಂಜೆ ತಾರಸಿಯ ಮೇಲೆ ಪಾಠ. ಹೊಟ್ಟೆಗೆ ಹಿತವೆಂದು ಅಮ್ಮ ಅವನಿಗೆಂದೇ ಮರಮಿಯ ಸೊಪ್ಪು ಹಾಕಿ ಚಹಾ ಮಾಡಿ ಕಳಿಸುವಳು. ಕೊಡಲು ಹೋದ ನಾನು ಅಲ್ಲೇ ಬಟ್ಟೆ ಮಡಿಸುತ್ತಾ ಕೂರುವೆ. ಮಡಿಸಿದ್ದನ್ನೇ ಮತ್ತೆ ಮಡಿಸಿದ್ದೂ ಉಂಟು.

"ಆ ಟವೆಲ್‌ಗೂ ಸುಸ್ತಾಗಿದೆ ಅನ್ಸುತ್ತೆ," ಎಂದ ಒಂದು ದಿನ, ಅಪ್ಪ ನಮಾಜಿಗೆಂದು ಕೆಳಗೆ ಹೋದಾಗ.

"ನಿಮ್ಮ ಲೆಕ್ಕ ನೀವು ನೋಡ್ಕೊಳ್ಳಿ."

"ನೋಡ್ತಾನೇ ಇದೀನಿ." ಅವನ ಕಣ್ಣು ಪುಸ್ತಕದ ಮೇಲಿರಲಿಲ್ಲ. "ಎಲ್ರನ್ನೂ ಹೇಗಿದ್ದೀರಿ ಅಂತ ಕೇಳ್ತೀರಲ್ಲ, ನಿಮ್ಮನ್ನ ಯಾರು ಕೇಳ್ತಾರೆ?"

"ನಾನು ಕ್ಲಾಸಿಗೆ ಫಸ್ಟ್. ನನ್ನನ್ನ ಯಾಕೆ ಕೇಳಬೇಕು?"

"ಉಗುರು ಕಚ್ಚಿ ಕಚ್ಚಿ ಬೆರಳೇ ಉಳಿದಿಲ್ಲ. ಅದಕ್ಕೆ ಕೇಳ್ತಿದೀನಿ."

ಕೈಯನ್ನು ಟವೆಲ್ ಕೆಳಗೆ ಬಚ್ಚಿಟ್ಟೆ. ಫಸ್ಟ್ ಬಂದವಳಿಗೆ ಮುಂದಿನ ಸಲವೂ ಫಸ್ಟ್ ಬರಬೇಕೆಂಬ ಭಯ ಎಷ್ಟಿರುತ್ತದೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವತ್ತು ಅವನಿಗೆ ಹೇಳಿದೆ. ಅವನು ಬುದ್ಧಿ ಹೇಳಲು ಬರಲಿಲ್ಲ, ಸುಮ್ಮನೆ ಕೇಳಿಸಿಕೊಂಡ. ನನಗೆ ಅಳು ಬರುವಷ್ಟು ಹಾಯೆನಿಸಿತು.

ಮತ್ತೊಂದು ಸಂಜೆ ಹೂಕೋಸು ಕರಿಯುತ್ತಿದ್ದ ಅಮ್ಮನ ಕೈಮೇಲೆ ಕಾದ ಎಣ್ಣೆ ಚೆಲ್ಲಿತು. ನಾನು ಕಿರುಚಿದೆ, ಅಪ್ಪ ಟೂತ್‌ಪೇಸ್ಟ್ ಹುಡುಕಲು ಓಡಿದರು. ಸುಹೈಬ್ ಮೆಟ್ಟಿಲಿಳಿದು ಬಂದವನೇ ಅಮ್ಮನ ಕೈ ನಲ್ಲಿಯ ಕೆಳಗೆ ಹಿಡಿದ.

"ಪೇಸ್ಟ್ ಬೇಡಿ ಮೇಷ್ಟ್ರೇ. ಚಿಕ್ಕಮ್ಮ, ಉಂಗುರ ತೆಗೀತೀನಿ, ಆಮೇಲೆ ಊದ್ಕೊಳ್ಳುತ್ತೆ. ನೀರು ಹೀಗೇ ಬೀಳ್ತಿರಲಿ. ನೋವಾದ್ರೆ ನನ್ನನ್ನೇ ಬಯ್ಯಿರಿ."

ಅಮ್ಮ ಮನಸಾರೆ ಬೈದಳು. ಲೆಕ್ಕದ ಮುಂದೆ ಪೆನ್ನು ಹಿಡಿದಾಗ ನಡುಗುವ ಆ ಕೈ ಅಲ್ಲಿ ಒಂದಿಷ್ಟೂ ನಡುಗಲಿಲ್ಲ. ಅಮ್ಮ ನೋವಿನಲ್ಲಿದ್ದಳು, ನಾನು ಅವನ ಕೈಗಳನ್ನು ನೋಡುತ್ತ ಪ್ರೀತಿಯಲ್ಲಿ ಬಿದ್ದಿದ್ದೆ. ಇದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

"ಇದೆಲ್ಲ ಎಲ್ಲಿ ಕಲಿತಿರಿ?" ಎಂದು ಕೇಳಿದೆ, ಅವನು ಹೊರಟಾಗ.

"ಅಜ್ಜಿ ಹಾಸಿಗೆ ಹಿಡಿದಿದ್ರು. ಪಕ್ಕದಲ್ಲೇ ಕೂತು ಸ್ಕೂಲಿನ ಕೊನೇ ಪರೀಕ್ಷೆ ತವ್ಜೀಹಿಗೆ ಓದ್ತಿದ್ದೆ. ಮೈ ಒರೆಸೋದು, ಮಗ್ಗುಲು ಬದಲಾಯಿಸೋದು ಎಲ್ಲಾ ನಾನೇ." ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ನೆಮ್ಮದಿಯಾಗಿದ್ದದ್ದು ಅಂದ್ರೆ ಆ ವರ್ಷಾನೇ. ನರ್ಸಿಂಗ್ ಮಾಡ್ಬೇಕು ಅಂತಿದ್ದೆ. ಆಮೇಲೆ ಮಾರ್ಕ್ಸ್ ಜಾಸ್ತಿ ಬಂದ್ಬಿಡ್ತು."

ಮಾರ್ಕ್ಸ್ ಜಾಸ್ತಿ ಬಂದದ್ದೇ ಅವನಿಗೆ ಮುಳುವಾಯಿತು. ಅಜ್ಲೂನ್ ಬೆಟ್ಟದ ಅವನ ಹಳ್ಳಿಯಲ್ಲಿ ಕುರಿ ಕಡಿದು ಊಟ ಹಾಕಿಸಿ, ಅವನನ್ನು ಇಂಜಿನಿಯರಿಂಗ್‌ಗೆ ಸೇರಿಸಿದರು. ಮಾರನೆಯ ದಿನದಿಂದ ಸುಹೈಬನ ಅಪ್ಪ ಎಂದೇ ಊರವರು ಕರೆಯುವ ಅವನ ತಂದೆ ಅಬು ಸುಹೈಬ್‌ಗೆ ಮಗನ ಹೆಸರು ಮರೆತೇಹೋಯಿತು, ಇಂಜಿನಿಯರ್ ಎಂದೇ ಕರೆಯತೊಡಗಿದರು.

ಪರೀಕ್ಷೆ ಮುಗಿದು ಫಲಿತಾಂಶ ಬಂದಾಗ ಅವನು ಪಾಸಾಗಿದ್ದ. ಅಪ್ಪ ಬೀದಿಗೆಲ್ಲ ಕುನಾಫ ಮಿಠಾಯಿ ಹಂಚಿದರು. ಅವನು ಮಾತ್ರ ಗೇಟಿನ ಹತ್ತಿರ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ.

"ಹೆಸರು ಉಳೀತು. ಇನ್ನು ವಿಭಾಗ ಬದಲಾಯಿಸ್ಬಹುದು. ನರ್ಸಿಂಗ್‌ಗೆ ಹೋಗ್ತೀನಿ ಬಯಾನ್."

"ಹೋಗು ಮತ್ತೆ!" ನೀವು ಎನ್ನುವುದು ನನಗೆ ಮರೆತೇಹೋಗಿತ್ತು. "ಮುಖ ಯಾಕೆ ಹೀಗೆ?"

"ಇಂಜಿನಿಯರ್ ಆಗಿದ್ರೆ ಹಿರಿಯರನ್ನ ಕರ್ಕೊಂಡು ಬಂದು ನಿಮ್ಮಪ್ಪನ ಮುಂದೆ ಕೂರ್ತಿದ್ದೆ. ನರ್ಸ್‌ಗೆ ಯಾರು ಹೆಣ್ಣು ಕೊಡ್ತಾರೆ? ಅದಕ್ಕಿಂತ ಮೊದಲು, ನಮ್ಮಪ್ಪನಿಗೆ ಯಾರು ಹೇಳ್ತಾರೆ?"

ಅವನೇ ಹೇಳಿದ, ಅಂದೇ, ಫೋನಿನಲ್ಲಿ. ಮಾರನೆಯ ದಿನ ನಮ್ಮ ಮನೆಯೆದುರು ಪಿಕಪ್ ಗಾಡಿಯೊಂದು ಬ್ರೇಕ್ ಹಾಕಿ ನಿಂತಿತು. ಅಬು ಸುಹೈಬ್ ಮಗನನ್ನು ಹಾಸ್ಟೆಲಿನಿಂದ ಎಳೆದುಕೊಂಡೇ ಬಂದಿದ್ದರು.

"ನನ್ನ ಮಗನ ತಲೆ ಕೆಡಿಸಿದ್ದು ಯಾರು ಮೇಷ್ಟ್ರೇ?"

"ನಾನು," ಎಂದೆ, ಅಪ್ಪ ಬಾಯಿ ತೆರೆಯುವ ಮೊದಲೇ. "ಹೇಗಿದೀಯಾ ಅಂತ ಕೇಳಿದೆ. ಅಷ್ಟೇ ನಾನು ಮಾಡಿದ್ದು. ನೀವೂ ಒಂದ್ಸಲ ಕೇಳಿ ನೋಡಿ."

"ದಿನಾ ಕೇಳ್ತೀನಮ್ಮ! ಮೂರು ವರ್ಷದಿಂದ ದಿನಾ ಫೋನ್ ಮಾಡ್ತೀನಿ. ಚೆನ್ನಾಗಿದೀನಿ ಅಂತಾನೇ ಹೇಳ್ತಾನೆ!"

"ಅಪ್ಪ, ನೀವು ಕಟಿಂಗ್ ಅಂಗಡಿಯಲ್ಲಿ ಕೂತು ಸ್ಪೀಕರ್ ಹಾಕ್ತಿದ್ರಿ," ಎಂದ ಸುಹೈಬ್. "ಊರೆಲ್ಲ ಕೇಳಿಸಿಕೊಳ್ತಿತ್ತು. ನಾನು ಇನ್ನೇನು ಹೇಳಲಿ?"

ಅಬು ಸುಹೈಬ್ ಸೋಫಾದಲ್ಲಿ ಕುಸಿದು ಕೂತರು. ತಲೆಯ ಮೇಲಿನ ಕೆಂಪು ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಮಗನ ಮುಖವನ್ನು ನೋಡಿದರು.

"ಇಲ್ಲಿ ಸ್ಪೀಕರ್ ಇಲ್ಲ. ಹೇಗಿದೀಯಾ ಮಗನೇ?"

"ಚೆನ್ನಾಗಿಲ್ಲ ಅಪ್ಪ." ಸುಹೈಬ್ ಅತ್ತುಬಿಟ್ಟ. "ಮೂರು ವರ್ಷದಿಂದ ಚೆನ್ನಾಗಿಲ್ಲ."

ಅಬು ಸುಹೈಬ್ ಎದ್ದು, ಗಾಡಿಯಲ್ಲಿ ಮೇಷ್ಟ್ರಿಗೆಂದು ತಂದ ಆಲಿವ್ ಎಣ್ಣೆಯ ಡಬ್ಬ ಇದೆ, ಕೋಪದಲ್ಲಿ ಅಲ್ಲೇ ಮರೆತೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅಪ್ಪ ಅವರ ಹೆಗಲ ಮೇಲೆ ಕೈಹಾಕಿ ಕೆಳಗಿಳಿದರು.

ಅವರು ಹೋಗುವುದನ್ನು ನೋಡಲು ಬಾಲ್ಕನಿಗೆ ಬಂದೆವು, ಅಲ್ಲಿ ನಾವಿಬ್ಬರೇ.

"ಇನ್ನು ನಿನ್ನನ್ನ ಏನಾದ್ರೂ ಕೇಳೋ ಹಕ್ಕು ನನಗಿಲ್ಲ," ಎಂದ.

"ಕೇಳ್ಬೇಡ. ಉತ್ತರ ಕೊಡ್ತೀನಿ, ತಗೋ. ಹೂಂ."

"ಏನು ಹೂಂ?"

"ನೀನು ನರ್ಸ್ ಆಗು, ಸುಮ್ನೆ ಕೂತಿರು, ಏನಾದ್ರೂ ಆಗು. ನನಗೆ ನೀನೇ ಬೇಕು. ನಾನು ಕಾಯ್ತೀನಿ. ಇನ್ನೂ ಬಿಡಿಸಿ ಹೇಳ್ಬೇಕಾ?"

ಅವನು ಉತ್ತರಿಸುವ ಮೊದಲೇ ಪರದೆಯ ಹಿಂದಿನಿಂದ ಅಮ್ಮನ ಝಗ್ರೂತಾ ಹೊರಟಿತು. ನಾಲಿಗೆ ಕುಣಿಸಿ ಹಾಕುವ ಆ ಉದ್ದನೆಯ ಕೂಗು ಕೇಳಿದರೆ ಸಾಕು, ಯಾವುದೋ ಮನೆಯಲ್ಲಿ ಮದುವೆ ಮಾತು ಆಯಿತೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ಅಮ್ಮ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಕಿಟಕಿಗಳು ತೆರೆದುಕೊಳ್ಳತೊಡಗಿದ್ದವು.

"ಬಯಾನ್‌ಗಾ? ಮಬ್ರೂಕ್! ಮಬ್ರೂಕ್!" ಎದುರು ಮನೆಯ ಉಮ್ಮು ಝೈದ್ ಬಾಲ್ಕನಿಯಿಂದ ಅರ್ಧ ಹೊರಗೆ ಬಂದಿದ್ದಳು. "ಹುಡುಗ ಏನು ಓದ್ತಿದಾನೆ?"

ಕೆಳಗೆ ಅಪ್ಪ ತಲೆಯೆತ್ತಿ ನನ್ನನ್ನೇ ನೋಡಿದರು. ಏನು ಕಂಡಿತೋ, ಮೀಸೆಯಡಿ ನಕ್ಕು ಅಬು ಸುಹೈಬ್ ಕಡೆ ತಿರುಗಿದರು. "ನಮ್ಮನ್ನ ಯಾರೂ ಕೇಳಲಿಲ್ಲ ನೋಡಿ. ಉತ್ತರ ಮಾತ್ರ ನೀವು ಕೊಡ್ಬೇಕಂತೆ."

ಅಬು ಸುಹೈಬ್ ಎಣ್ಣೆ ಡಬ್ಬ ಹೊತ್ತುಕೊಂಡು ಬೀದಿಯ ಮಧ್ಯೆ ನಿಂತಿದ್ದರು. ಬೀದಿಗೆ ಬೀದಿಯೇ ಅವರ ಬಾಯಿ ನೋಡುತ್ತಿತ್ತು. ನನ್ನ ಪಕ್ಕದಲ್ಲಿ ಸುಹೈಬ್ ಕಣ್ಣು ಮುಚ್ಚಿಕೊಂಡ. ಇಂಜಿನಿಯರಿಂಗ್ ಎಂದುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು.

ಅವರು ಡಬ್ಬ ಕೆಳಗಿಳಿಸಿ ಗಂಟಲು ಸರಿಮಾಡಿಕೊಂಡರು.

"ನರ್ಸಿಂಗ್!" ಎಂದು ಕೂಗಿದರು, ಬೀದಿಯ ಕೊನೆಯ ಮನೆಗೂ ಕೇಳಿಸುವ ಹಾಗೆ. "ನನ್ನ ಮಗ ಸುಹೈಬ್. ನರ್ಸಿಂಗ್ ಓದ್ತಾನೆ!"

"ಒಳ್ಳೇದಾಯ್ತು, ನನ್ನ ಮೊಣಕಾಲು ನೋಡೋಕೆ ಹೇಳಿ!" ಎಂದಳು ಉಮ್ಮು ಝೈದ್.

ನಾನು ನಕ್ಕೆ. ಸುಹೈಬ್ ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯುವಂತಿರಲಿಲ್ಲ. ತಂದೆಯ ಬಾಯಿಂದ ತನ್ನ ಹೆಸರು ಕೇಳಿ ಅವನಿಗೆ ಮೂರು ವರ್ಷವಾಗಿತ್ತು.

"ಹೋಗು, ನಿನ್ನ ಮೊದಲ ಪೇಶೆಂಟ್ ಕಾಯ್ತಿದಾರೆ," ಎಂದೆ.

"ಹೋಗ್ತೀನಿ. ಆಗ ಒಂದು ಮಾತು ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

ಅವನ ಕಿವಿಯ ಹತ್ತಿರ ಬಾಗಿ ಹೂಂ ಅಂದೆ, ಈ ಸಲ ಅಮ್ಮನಿಗೆ ಕೇಳಿಸದ ಹಾಗೆ.