ಆರು ಗಂಟೆಗೂ ಮೊದಲೇ ದಾಟಿದವರು

“ಅಕ್ಕಾರ... ಸೈಕಲ್ ಇಳೀಬ್ಯಾಡ್ರಿ! ನಡುರಸ್ತಾದಾಗ ಇಳದ್ರ ನನ್ನ ಲೆಕ್ಕ ತಪ್ತೈತಿ!”

ಮನಿಷಾಳ ಒಂದು ಕಾಲು ಆಗಲೇ ನೆಲ ಮುಟ್ಟಿತ್ತು. ಬೆನ್ನಿಗೆ ಟಪಾಲಿನ ಚೀಲ, ಎದುರಿಗೆ ಹಾರ್ನ್ ಒತ್ತುತ್ತ ಬರುತ್ತಿದ್ದ ಲಾರಿ. ಇಂಥದರಲ್ಲಿ ಲೆಕ್ಕ ಹೇಳುವವನು ಯಾರಪ್ಪಾ ಅಂತ ತಿರುಗಿ ನೋಡಿದಳು.

ಬೇವಿನ ಗಿಡದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಒಬ್ಬ ಗಂಡಸು, ತೊಡೆಯ ಮೇಲೆ ಪ್ಯಾಡು, ಕೈಯಲ್ಲಿ ಪೆನ್ನು.

“ಯಾವ ಲೆಕ್ಕರಿ?”

“ರಸ್ತಾ ದಾಟವ್ರ ಲೆಕ್ಕ. ಸೈಕಲ್ ಮ್ಯಾಲಿದ್ರ ಈ ಕಾಲಂ, ಇಳದು ನಡದ್ರ ಆ ಕಾಲಂ. ನೀವು ಎರಡರಾಗೂ ಅದೀರಿ!”

“ಹಂಗಾರ ಅರ್ಧ ಅಲ್ಲಿ ಬರಕೋರಿ, ಅರ್ಧ ಇಲ್ಲಿ ಬರಕೋರಿ. ಲಾರಿ ಬಡದ್ರ ಪೂರ್ತಿ ಒಂದ ಕಾಲಂನಾಗ ಬರ್ತೀನಿ!”

ಅವನು ನಕ್ಕ. ಆದರೆ ನಗು ಅರ್ಧಕ್ಕೇ ನಿಂತಿತು. ಎದ್ದು ಓಡಿ ಬಂದು, ಲಾರಿಗೆ ಕೈ ಅಡ್ಡ ಹಿಡಿದು, ಅವಳನ್ನು ಆಚೆ ದಾಟಿಸಿದ.

“ತಪ್ಪಾತ್ರಿ... ಕುಂತ ಎಣಿಸಿ ಎಣಿಸಿ, ಎದುರಿಗಿದ್ದವ್ರು ಮನಶ್ಯಾರು ಅನ್ನೋದ ಮರತಿದ್ದೆ.”

ಆ ಮಾತು ಮನಿಷಾಳಿಗೆ ಎಲ್ಲೋ ತಾಕಿತು. ತನ್ನನ್ನು ಮನುಷ್ಯಳೆಂದು ಯಾರಾದರೂ ಕಂಡು ಎಷ್ಟು ದಿನವಾಗಿತ್ತು?

ಅಂಕಲಿ ಹತ್ತಿರದ ಆ ಊರಲ್ಲಿ ಅವಳು ‘ಪೋಸ್ಟಿನ ಅಕ್ಕ’. ವಯಸ್ಸು ಮೂವತ್ತೈದು. ಬಂದ ಸಂಬಂಧಗಳು ಒಂದೊಂದೇ ತಪ್ಪಿದವು, ಆಮೇಲೆ ಅವ್ವ ಹಾಸಿಗೆ ಹಿಡಿದಳು, ಅವ್ವ ಹೋದ ಮೇಲೆ ಕೇಳುವವರೇ ಇಲ್ಲವಾದರು. ಊರಿನ ಎಲ್ಲರ ಕಾಗದಗಳೂ ಅವಳ ಕೈಯಿಂದಲೇ ಹೋಗುತ್ತವೆ. ಅವಳ ಹೆಸರಿಗೆ ಮಾತ್ರ ಒಂದೂ ಬರುವುದಿಲ್ಲ.

ಮನೆಯಲ್ಲಿ ಅವಳು, ಅಪ್ಪ ರಾವಸಾಹೇಬ. ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಊಟವಾಗುತ್ತಲೇ ಅಪ್ಪ ಜಪದ ಮಣಿ ಹಿಡಿಯುತ್ತಾರೆ. ಆಮೇಲೆ? ಪಾತ್ರೆ ತಿಕ್ಕಿ, ಒಲೆ ಒರೆಸಿ, ಗಡಿಯಾರ ನೋಡಿದರೆ... ಇನ್ನೂ ಏಳು ಗಂಟೆ! ಮುಂದಿರುವ ಅಷ್ಟು ಹೊತ್ತನ್ನು ಒಬ್ಬಳೇ ಏನು ಮಾಡಬೇಕು? ನೀವೇ ಹೇಳಿ.

ಕುರ್ಚಿಯವನ ಹೆಸರು ಶಿವರಾಜ. ಅಥಣಿ ಕಡೆಯ ತೆಲಸಂಗದವನು. ರಸ್ತೆಯ ನಕಾಶೆ ಮಾಡುವ ಕಂಪನಿಯ ಇಂಜಿನಿಯರ್. ರಸ್ತೆ ಅಗಲವಾಗುತ್ತದೆ, ಎಲ್ಲಿ ಜನ ಹೆಚ್ಚು ದಾಟುತ್ತಾರೋ ಅಲ್ಲಿ ಸುರಕ್ಷಿತ ದಾರಿ ಮಾಡಬೇಕು ಎಂದು ಮೇ ತಿಂಗಳ ಬಿಸಿಲಲ್ಲಿ ಮೂರು ದಿನ ಎಣಿಸಲು ಬಂದಿದ್ದ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಆರರಿಂದ ಎಂಟು. ಕಂಪನಿ ಕೊಟ್ಟ ಹಾಳೆಯಲ್ಲಿ ಹಾಗೇ ಇತ್ತು.

ಎರಡನೇ ದಿನ ಪೋಸ್ಟ್ ಆಫೀಸಿಗೆ ನೀರು ಕೇಳಿಕೊಂಡು ಬಂದ. ಅವಳು ಮಜ್ಜಿಗೆ ಕೊಟ್ಟಳು.

“ನಮ್ಮಪ್ಪಗ ಎಪ್ಪತ್ನಾಲ್ಕರಿ. ಸ್ಕೂಟರ್ ಮ್ಯಾಲ ಹೊಲಕ್ಕ ಹೋಗಿ ಬಂದ್ರನ ಜೀವ. ತಿರುಗಿ ಬರುವಾಗ ಈ ಬಸದಿ ಕ್ರಾಸ್ ದಾಟಬೇಕು. ಬಿಸಲ ನೆಟ್ಟಗ ಕಣ್ಣಾಗ. ಮನಿ ಮುಟ್ಟೂತನಾ ನನ್ನ ಜೀವ ಇಲ್ಲಿ ಇರ್ತೈತಿ,” ಎಂದು ಗಂಟಲು ಮುಟ್ಟಿ ತೋರಿಸಿದಳು.

“ವಯಸ್ಸಾದ ಕಣ್ಣಿಗೆ ಬೆಳಕು ಭಾಳ ಚುಚ್ಚತೈತ್ರಿ. ಅದಕ್ಕ ರಸ್ತಾ ನಡುವ ಒಂದ್ ಕಟ್ಟಿ ಬೇಕು. ಅರ್ಧ ದಾಟಿ, ನಿಂತು, ದಮ್ಮ ಹಿಡದು, ಉಳದರ್ಧ ದಾಟಬೇಕು. ದಾಟೂ ದಾರಿ ಒಂದ್ ಗೇಣು ಎತ್ತರ ಮಾಡಿದ್ರ ಗಾಡಿ ತಾವ ಸಣ್ಣಾಗ ಬರ್ತಾವು. ಇಲ್ಲಿ ಆಗೂ ಹಂಗ ಮಾಡ್ತೀನಿ... ಖರೇನ ಮಾಡ್ತೀನಿ.”

ಮೂರನೇ ದಿನ ಬಂದು ಒಂದು ಅಂಚೆ ಪಾಕೀಟು ಕೊಂಡ.

“ಯಾರಿಗೆ ಬರೀತೀರಿ?”

“ಬರಿಯಾಕ ಯಾರೂ ಇಲ್ರಿ. ಒಂದ್ ರಸ್ತಾ ಮುಗೀತಂದ್ರ ಊರು ಬದಲಿ. ಇಟ್ಟಿರ್ತೀನಿ... ಯಾರರ ಸಿಕ್ಕಾರು.”

ಅವನು ಹೋದ ಮೇಲೆ ಆ ಚಿಕ್ಕ ಆಫೀಸು ಮೊದಲಿಗಿಂತ ಖಾಲಿಯಾಗಿ ಕಂಡಿತು. ಮಜ್ಜಿಗೆಯ ಲೋಟವನ್ನು ಅವಳು ಸಂಜೆಯವರೆಗೂ ತೊಳೆಯಲಿಲ್ಲ. ಅಯ್ಯೋ, ಇದೇನು ಹುಚ್ಚು! ಎಂದು ತನಗೆ ತಾನೇ ಬೈದುಕೊಂಡಳು.

*

ಜುಲೈನಲ್ಲಿ ಪಂಚಾಯ್ತಿಯ ಗೋಡೆಗೆ ನಕಾಶೆ ಅಂಟಿಸಿದರು.

ದಾಟುವ ದಾರಿ ಬಸದಿ ಕ್ರಾಸಿಗೆ ಇರಲಿಲ್ಲ. ಅರ್ಧ ಕಿಲೋಮೀಟರ್ ಆಚೆ, ಊರ ಸಾಹುಕಾರ ತಾತ್ಯಾಸಾಹೇಬರ ಹಾಲಿನ ಡೇರಿ ಮುಂದಿತ್ತು!

“ನಾ ಕಣ್ಣಾರೆ ಕಂಡೇನವಾ,” ಎಂದಳು ಮಗ್ಗುಲ ಮನೆಯ ಗಂಗೂಬಾಯಿ. “ಆ ಇಂಜಿನೇರ ಕಡೀ ದಿನ ತಾತ್ಯಾಸಾಹೇಬನ ಪಡಸಾಲ್ಯಾಗ ಉಣ್ಣಾಕ ಕುಂತಿದ್ದ. ಹೋಳಿಗಿ ಹಾಕಿದ್ರಂತ. ಹೋಳಿಗಿ ತಿಂದಾನ, ರಸ್ತಾ ಸರಿಸ್ಯಾನ!”

ಮನಿಷಾ ಗೋಡೆಯ ಮೇಲಿನ ನಕಾಶೆಯನ್ನು ಮತ್ತೊಮ್ಮೆ ಓದಿದಳು. ಖರೇನ ಮಾಡ್ತೀನಿ ಅಂದಿದ್ದನಲ್ಲ... ಆ ಮಾತಿಗೆ ಬೆಲೆ ಎರಡು ಹೋಳಿಗೆಯೇ?

ವಾರ ಕಳೆಯಿತು. ಬೆಳಗಿನ ಟಪಾಲಿನ ಚೀಲ ಸುರುವಿ ವಿಂಗಡಿಸುತ್ತಿದ್ದಾಗ ಒಂದು ಪಾಕೀಟು ಕೈಗೆ ಬಂತು. ಮೇಲೆ ಅವಳ ಹೆಸರು! ವರ್ಷಗಟ್ಟಲೆ ಕಾದ ಕಾಗದ... ಹಿಂಬದಿಗೆ ‘ಶಿವರಾಜ, ಚಿಕ್ಕೋಡಿ’ ಎಂದಿತ್ತು. ಅವಳೇ ಮಾರಿದ ಪಾಕೀಟು.

ಒಡೆಯಲೇ? ಒಡೆದರೆ ನಂಬಿಬಿಡುತ್ತೇನೆ. ನಂಬಿದರೆ ಮತ್ತೊಮ್ಮೆ ಮೋಸ ಹೋಗುತ್ತೇನೆ.

ಕಾಗದ ಬೇಡವೆಂದವರಿಗೆ ಅಂಚೆಯಲ್ಲಿ ಒಂದು ದಾರಿಯಿದೆ. ಎಷ್ಟೋ ಮಂದಿಯ ಪರವಾಗಿ ಅವಳೇ ಹಾಗೆ ಬರೆದಿದ್ದಳು. ಅಂದು ತನ್ನ ಹೆಸರಿನ ಮೇಲೆ ತಾನೇ ಕೆಂಪು ಶಾಯಿಯಲ್ಲಿ ಬರೆದಳು: ‘ನಿರಾಕರಿಸಿದ್ದಾರೆ. ಕಳಿಸಿದವರಿಗೆ ಮರಳಿಸಿ.’

ಸಹಿ ಹಾಕಿದಳು. ಠಸ್ಸೆ ಒತ್ತಿದಳು. ಆ ಸಂಜೆ ಊಟ ಸೇರಲಿಲ್ಲ.

ನವೆಂಬರ್ ಹೊತ್ತಿಗೆ ರಸ್ತೆ ಎರಡು ಪಟ್ಟು ಅಗಲವಾಯಿತು. ಕಬ್ಬಿನ ಸುಗ್ಗಿ ಶುರುವಾಯಿತು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರ್ಯಾಲಿ, ಕಿವಿ ಒಡೆಯುವಂತೆ ಡೆಕ್ಕಿನ ಹಾಡು.

ಒಂದು ದಿನ ಊಟದ ಹೊತ್ತಿಗೆ ಮನೆ ಸೇರುವ ಅವಸರದಲ್ಲಿ ರಾವಸಾಹೇಬ ಕ್ರಾಸಿನಲ್ಲಿ ಸ್ಕೂಟರ್ ತಿರುಗಿಸಿದರು. ಮುಳುಗುವ ಸೂರ್ಯ ಎದುರಿಗೆ. ಆ ಬೆಳಕಿನೊಳಗಿಂದ ಬಂದ ಕಾರು ಅವರಿಗೆ ಕಾಣಲೇ ಇಲ್ಲ. ಗಕ್ಕನೆ ಬ್ರೇಕ್ ಹಾಕಿ ಬಿದ್ದರು. ಬಲಗೈ ಮುರಿಯಿತು. ಜೀವ ಉಳಿಯಿತು.

ಮನಿಷಾ ಸ್ಕೂಟರಿನ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಅಪ್ಪ ಕೇಳಲೇ ಇಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು, ರಸ್ತೆಯಾಚೆಯ ತಮ್ಮ ಹೊಲ ನೋಡುತ್ತ ಬಸದಿ ಕಟ್ಟೆಯ ಮೇಲೆ ಸುಮ್ಮನೆ ಕೂರತೊಡಗಿದರು. ಒಂದೇ ಮನೆಯಲ್ಲಿ ಇಬ್ಬರು, ಇಬ್ಬರೂ ಒಂಟಿ.

*

ಡಿಸೆಂಬರಿನ ಮೊದಲ ವಾರ. ಸಂಜೆ ಐದೂ ಹತ್ತಕ್ಕೆ ಮನಿಷಾ ಕ್ರಾಸಿಗೆ ಬಂದರೆ... ಬೇವಿನ ಗಿಡದ ಕೆಳಗೆ ಶಿವರಾಜ!

ಈ ಸಲ ಕುರ್ಚಿ ಇರಲಿಲ್ಲ. ನಿಂತೇ ಬರೆಯುತ್ತಿದ್ದ. ಸುಣ್ಣ ಬಳಿದು ಮರಳು ತುಂಬಿದ ನಾಲ್ಕು ಡ್ರಮ್ಮುಗಳು ರಸ್ತೆಯ ನಡುವೆ ನಿಂತಿದ್ದವು.

ಅವಳು ಮುಖ ತಿರುವಿ ಸೈಕಲ್ ತುಳಿದಳು. ಮರುದಿನವೂ, ಅದರ ಮರುದಿನವೂ. ಅವನು ಕರೆಯಲಿಲ್ಲ. ಕರೆಯಲಿ ಎಂದು ಎದೆ ಕಾಯುತ್ತಿತ್ತು, ಕರೆದರೆ ಬೈಯಬೇಕೆಂದು ಬಾಯಿ ಕಾಯುತ್ತಿತ್ತು!

ಎಂಟನೇ ದಿನ ಮನೆಗೆ ಹೋಗಿ ಅಡುಗೆ ಇಳಿಸಿದರೂ ಅಪ್ಪ ಬರಲಿಲ್ಲ. ಗಾಬರಿಯಾಗಿ ಸೈಕಲ್ ಹತ್ತಿ ಕ್ರಾಸಿಗೆ ಬಂದಳು. ನೋಡಿದರೆ, ಶಿವರಾಜನ ಭುಜ ಹಿಡಿದು ಅಪ್ಪ ಹೊಲದ ಕಡೆಯಿಂದ ರಸ್ತೆ ದಾಟುತ್ತಿದ್ದಾರೆ. ತಿಂಗಳ ಮೇಲೆ ಮೊದಲ ಸಲ ಅವರ ಮುಖದಲ್ಲಿ ನಗು!

ಅವಳ ಸಿಟ್ಟು ನೆತ್ತಿಗೇರಿತು.

“ಕೈ ಬಿಡ್ರಿ ನಮ್ಮಪ್ಪಂದು! ಮತ್ಯಾಕ ಬಂದೀರಿ? ತಾತ್ಯಾಸಾಹೇಬರ ಮನ್ಯಾಗ ಹೋಳಿಗಿ ಉಳದಾವೇನು?”

“ಮನಿಷಾ, ಬಾಯಿ ಬಿಗಿ ಹಿಡಿ,” ಎಂದರು ರಾವಸಾಹೇಬ. “ರಜಾ ಹಾಕಿ ಬಂದಾನ ಅಂವ. ಎಂಟ್ ದಿನದಿಂದ ನನ್ನ ಹೆಜ್ಜಿ ಎಣಿಸಾಕತ್ತಾನ. ಈ ರಸ್ತಾ ದಾಟಾಕ ನನಗ ಇಪ್ಪತ್ತೆರಡ ಸೆಕೆಂಡ್ ಬೇಕಂತ. ನಿನಗ ಗೊತ್ತಿತ್ತೇನು?”

ಅವಳಿಗೆ ಗೊತ್ತಿರಲಿಲ್ಲ.

ಶಿವರಾಜ ಪ್ಯಾಡಿನ ಕೆಳಗಿನಿಂದ ಒಂದು ಪಾಕೀಟು ತೆಗೆದ. ಕೆಂಪು ಶಾಯಿ ಇನ್ನೂ ಮಾಸಿರಲಿಲ್ಲ. ಅಂಟು ಬಿಚ್ಚಿರಲಿಲ್ಲ.

“ಈಗರ ಓದ್ರಿ. ಆಮ್ಯಾಲ ಎಷ್ಟ ಬೇಕಾದಷ್ಟ ಬೈರಿ.”

ಅವಳು ಒಡೆದಳು. ಒಂದೇ ಪುಟ.

‘ಪೋಸ್ಟಿನ ಅಕ್ಕಾರಿಗೆ, ಎಣಿಕೆ ಮುಗಿದ ದಿನ ತಾತ್ಯಾಸಾಹೇಬರು ಊಟಕ್ಕೆ ಕರೆದರು. ಎಂಟು ಗಂಟೆಗೆ ಹೋದೆ. ಅವರೆಲ್ಲರದೂ ಹೊತ್ತು ಮುಳುಗುವ ಮೊದಲೇ ಮುಗಿದಿತ್ತು, ಒಬ್ಬನೇ ಕುಳಿತು ಉಂಡೆ. ಆಗ ಹೊಳೆಯಿತು, ಆರು ಗಂಟೆಯೊಳಗೆ ಇಡೀ ಊರೇ ರಸ್ತೆ ದಾಟಿ ಮನೆ ಸೇರಿರುತ್ತದೆ, ನನ್ನ ಹಾಳೆ ಶುರುವಾಗುವುದೇ ಆರಕ್ಕೆ. ಆ ಹೊತ್ತಿಗೆ ಡೇರಿ ಮುಂದೆ ಎಣಿಸಿದ ನಮ್ಮವರ ಲೆಕ್ಕಕ್ಕೆ ಹಾಲು ಹಾಕುವವರು ಮಾತ್ರ ಸಿಕ್ಕರು. ಆಫೀಸಿನವರು ಎಣಿಕೆ ತಂದು ತೋರಿಸು ಎನ್ನುತ್ತಾರೆ, ನನ್ನನ್ನು ಬೇರೆ ರಸ್ತೆಗೆ ಹಾಕಿದ್ದಾರೆ. ನೀವು ಮೂರು ದಿನ ಐದರಿಂದ ಆರರ ತನಕ ಎಣಿಸಿ, ಪಂಚಾಯ್ತಿಯ ಸಿಕ್ಕಾ ಹಾಕಿಸಿ ಕಳಿಸಿದರೆ, ಈ ತಿಂಗಳೊಳಗೆ ನಕಾಶೆ ಬದಲಿಸಬಹುದು.’

ಕಾಗದದ ಅಕ್ಷರಗಳು ಕಲಸಿಹೋದವು. ಈ ತಿಂಗಳೊಳಗೆ... ಅಂದರೆ ಜುಲೈ. ಅಪ್ಪ ಬಿದ್ದದ್ದು ನವೆಂಬರ್.

ನಾನು ಒಡೆದಿದ್ದರೆ! ಬರೀ ಒಂದು ಪಾಕೀಟು ಒಡೆದಿದ್ದರೆ!

“ಅಪ್ಪಾ... ನಿಮ್ಮ ಕೈ ಮುರದಾಕಿ ನಾನು...”

“ಹುಚ್ಚಿ! ಕೈ ಮುರದದ್ದು ನನ್ನ ಅವಸರ,” ಎಂದು ಅಪ್ಪ ಬಸದಿ ಕಟ್ಟೆಯ ಕಡೆ ನಡೆದರು. ಹೋಗುತ್ತ ತಿರುಗಿ, “ಬಿಸಲಿಗೂ ಒಂದ್ ಪಾಲು ಇರಲಿ,” ಎಂದರು.

ಇಬ್ಬರೇ ಉಳಿದರು. ಅವಳ ಒಂದು ಕಾಲು ನೆಲದ ಮೇಲೆ, ಇನ್ನೊಂದು ಸೈಕಲ್ಲಿನ ಪೆಡಲ್ ಮೇಲೆ.

“ಮೊದಲ ತಪ್ಪು ನಂದರಿ,” ಶಿವರಾಜ ಮೆಲ್ಲಗೆ ಹೇಳಿದ. “ಇದ ಜಿಲ್ಲೇದಾಗ ಹುಟ್ಟಿ ಬೆಳದೀನಿ. ನಿಮ್ಮವ್ರು ಯಾವಾಗ ಉಣ್ತಾರ ಅನ್ನೋದ ನನಗ ಗೊತ್ತಿಲ್ಲೇನು? ಆದ್ರೂ ಹಾಳ್ಯಾಗ ಇದ್ದ ಟೈಮ್ ನಂಬಿದೆ, ಊರ ನಂಬಲಿಲ್ಲ.”

“ಮತ್ತೊಂದ್ ಕಾಗದ ಬರೀಬೇಕಿತ್ತು... ಬಂದು ಬೈಬೇಕಿತ್ತು!”

“ಬ್ಯಾಡ ಅಂದವ್ರ ಬಾಗಲಾ ಹೆಂಗ ಬಡೀಲಿ? ನಿಮ್ಮಪ್ಪಾರು ಬಿದ್ದದ್ದು ಡೇರಿಯವ್ರಿಂದ ಗೊತ್ತಾತು. ಆಮ್ಯಾಲ ನಿಂದ್ರಾಕ ಆಗಲಿಲ್ಲ. ಈ ಡ್ರಮ್ಮಿಗೆ ಪರವಾನಗಿ ಸಿಕ್ಕೈತಿ. ರಸ್ತಾ ನಡುವಿನ ಕಟ್ಟಿಗೆ ಮಾರ್ಚಿನಾಗ ಮಂಜೂರಿ ಆಗಬಹುದು. ಆಗಲಿಲ್ಲಂದ್ರ ಮತ್ತ ಬಂದು ಎಣಸ್ತೀನಿ.”

ಅವಳು ಕಣ್ಣೊರೆಸಿಕೊಂಡು ಅವನ ಹಾಳೆ ನೋಡಿದಳು. ಐದೈದು ಗೆರೆಗಳ ಕಟ್ಟುಗಳು, ಪುಟದ ತುಂಬ. ಬುಟ್ಟಿ ಹೊತ್ತ ಗಂಗೂಬಾಯಿ, ಶಾಲೆಯ ಮಕ್ಕಳು, ಕೋಲು ಹಿಡಿದ ಮುದುಕರು, ಎಲ್ಲರೂ ಅಲ್ಲಿ ಗೆರೆಗಳಾಗಿ ನಿಂತಿದ್ದರು. ಸೈಕಲ್ಲಿನ ಕಾಲಂನಲ್ಲಿ ಮಾತ್ರ, ಐದೂ ಹತ್ತರ ಹತ್ತಿರ, ದಿನಕ್ಕೊಂದರಂತೆ ಖಾಲಿ ಜಾಗ.

“ಇಲ್ಲಿ ಬಿಟ್ಟೀರಲ್ಲ?”

“ಅದು ನೀವು ದಾಟೂ ಹೊತ್ತು.” ಅವನು ತಲೆ ತಗ್ಗಿಸಿದ. “ಎಲ್ಲಾರ್ನೂ ಎಣಿಸಿದೆ. ನೀವು ಬಂದ್ರ ಮಾತ್ರ ಪೆನ್ನು ನಿಂತಬಿಡ್ತಿತ್ತು. ಮಾರಿ ತಿರಿವಿ ಹೋಗ್ತಿದ್ರಿ... ಅಷ್ಟು ನೋಡಾಕ ಸಿಗ್ತಿತ್ತಲ್ಲ ಅಂತ ನಿಂತಿರ್ತಿದ್ದೆ. ಚಿಕ್ಕೋಡ್ಯಾಗ ನನ್ನ ಖೋಲ್ಯಾಗ ಮಾತಾಡಾಕ ಗ್ವಾಡಿ ಬಿಟ್ರ ಯಾರೂ ಇಲ್ರಿ, ಮನಿಷಾ.”

ಅಕ್ಕ ಎನ್ನಲಿಲ್ಲ. ಮನಿಷಾ ಎಂದ!

ಏಳು ಗಂಟೆಗೆ ಕಳೆಯದೇ ಬಿದ್ದಿರುವ ಹೊತ್ತು ತನ್ನೊಬ್ಬಳ ಮನೆಯಲ್ಲೇ ಅಲ್ಲ, ಹತ್ತಾರು ಮೈಲಿ ಆಚೆ ಇನ್ನೊಬ್ಬರ ಕೋಣೆಯಲ್ಲೂ ಇತ್ತು...

“ಏ, ಶಿವರಾಜಪ್ಪಾ!” ಕಟ್ಟೆಯಿಂದ ರಾವಸಾಹೇಬರ ಕೂಗು. “ಹೊತ್ತು ಮುಣಗಾಕ ಅರ್ಧ ತಾಸ ಐತಿ. ಉಣ್ಣಾಕ ಬರಾಂವ ಇದ್ರ ಈಗ ಬಾ. ಉಳ್ಳಾಗಡ್ಡಿ ಇಲ್ಲದ ಪಲ್ಲೆ ನಡೀತೈತೇನು?”

“ನಡೀತೈತ್ರಿ, ಕಾಕಾ! ನಾ ಉಳ್ಳಾಗಡ್ಡಿ ಬಿಟ್ಟೇನ್ರಿ!”

“ಯಾವಾಗ ಬಿಟ್ಟಿ?”

“ಈಗ!”

ರಾವಸಾಹೇಬ ಗಹಗಹಿಸಿ ನಕ್ಕರು. “ಈಗ ಬಿಟ್ಟಿ ಅಂದ್ರ ಅದು ಬ್ಯಾರೆ ಮಾತು. ಉಂಡ ಮ್ಯಾಲ ಮಾತಾಡೂಣು. ಮೊದಲ, ಹೊಲದ ಬದುವಿನ ಮ್ಯಾಲ ನನ್ನ ಟಾವೆಲ್ ಮರತ ಬಂದೀನಿ, ತರ್ತೀನಿ ತಡೀರಿ.” ಎನ್ನುತ್ತ ಅವರೇ ಡ್ರಮ್ಮುಗಳ ಕಡೆ ಹೊರಟರು.

ಮನಿಷಾ ಸೈಕಲ್ಲಿಗೆ ತೂಗಿದ್ದ ಟಪಾಲಿನ ಚೀಲದಿಂದ ಕೆಂಪು ಪೆನ್ನು ತೆಗೆದಳು. ಪಾಕೀಟಿನ ಮೇಲೆ ತಾನೇ ಬರೆದಿದ್ದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಕೆಳಗೆ ಬರೆದಳು: ‘ಮುಟ್ಟಿತು.’

“ಸಹಿ?” ಎಂದ ಅವನು.

“ಜೀವನಪೂರ್ತಿ ಸಹಿ ಮಾಡ್ಕೋತ ಬಂದೀನಿ. ಇವತ್ತ ಸಹಿ ಇಲ್ಲದ ನಂಬ್ರಿ.” ಅವಳು ಪೆಡಲ್ ಮೇಲಿದ್ದ ಕಾಲನ್ನೂ ನೆಲಕ್ಕೆ ಇಳಿಸಿದಳು. “ಇಳದೀನಿ. ಈಗ ಯಾವ ಕಾಲಂ?”

“ಹಾಳ್ಯಾಗ ಬ್ಯಾಡ,” ಅವನು ಸೈಕಲ್ಲಿನ ಹ್ಯಾಂಡಲ್ ಹಿಡಿದ. “ಮಗ್ಗಲಕ್ಕ ಬರ್ರಿ.”

ಅಷ್ಟರಲ್ಲಿ ಚಿಕ್ಕೋಡಿ ಕಡೆಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಡ್ರಮ್ಮುಗಳ ನಡುವೆ ಪ್ಲಾಸ್ಟರಿನ ಕೈಯ ಮುದುಕರು ನಿಂತದ್ದನ್ನು ಡ್ರೈವರ್ ಕಂಡ. ವೇಗ ಇಳಿಯಿತು, ಎರಡೂ ಟ್ರ್ಯಾಲಿ ನರಳುತ್ತ ನಿಂತವು. ಅವನು ಕೈ ಚಾಚಿ ಡೆಕ್ಕಿನ ಹಾಡು ಸಣ್ಣದು ಮಾಡಿದ. ರಾವಸಾಹೇಬರು ಅವಸರವಿಲ್ಲದೆ, ಒಂದೊಂದೇ ಹೆಜ್ಜೆ ಇಟ್ಟು, ಉಳಿದರ್ಧ ರಸ್ತೆ ದಾಟಿದರು.